ಕಾಮರ್ಸ್ ಟೀಚರ್ ಬೇಸಿಗೆ ರಜೆಯಲ್ಲಿ ಲೆಕ್ಕದ ಆಫೀಸಿಗೆ ಕೆಲಸಕ್ಕೆ ಹೋಗಬಹುದಾ? ಹೋದವರು ಇದ್ದರೆ ಹೇಳಿ

ಬದಿಯಡ್ಕ ಟೀಚರ್ ಕೇಳಿದ್ದು:

ನೇರ ವಿಷಯಕ್ಕೆ ಬರುತ್ತೇನೆ. ಮೇ ತಿಂಗಳಲ್ಲಿ ಎರಡು ವಾರ ಯಾವುದಾದರೂ ಅಕೌಂಟ್ಸ್ ಆಫೀಸಿನಲ್ಲಿ ಕೂತು ಕೆಲಸ ಮಾಡಬೇಕು ಅಂತ ಆಸೆ. ಸಂಬಳ ಬೇಡ. ಸುಮ್ನೆ ನೋಡಿ ಬರುವುದಲ್ಲ, ಕೂತು ಮಾಡುವುದು. ಹೀಗೆ ಹೋದ ಮಾಷ್ಟ್ರು, ಟೀಚರುಗಳು ಯಾರಾದರೂ ಇಲ್ಲಿದ್ದೀರಾ?

ನಾನು ಕೇರಳದ ಗಡಿಯಲ್ಲಿರುವ ಬದಿಯಡ್ಕದ ಕಡೆಯ ಒಂದು ಶಾಲೆಯಲ್ಲಿ ಪ್ಲಸ್ ವನ್, ಪ್ಲಸ್ ಟು ಮಕ್ಕಳಿಗೆ ಅಕೌಂಟೆನ್ಸಿ ಕಲಿಸುತ್ತೇನೆ. ಎಂಕಾಂ, ಬಿಎಡ್, ಸೆಟ್ (ಟೀಚರ್ ಅರ್ಹತಾ ಪರೀಕ್ಷೆ) ಮುಗಿಸಿ ಸೀದಾ ಶಾಲೆಗೆ ಬಂದವಳು. ನಡುವೆ ಯಾವ ಅಂಗಡಿಯ ಲೆಕ್ಕವನ್ನೂ ಬರೆದವಳಲ್ಲ. ನಮ್ಮ ಮಕ್ಕಳಲ್ಲಿ ಸಿಎ ಆಗುವವರು ಎಲ್ಲೋ ಒಬ್ಬರು. ಉಳಿದವರು ಮಂಗಳೂರಿಗೆ ಬಿಕಾಂಗೆ ಹೋಗುತ್ತಾರೆ, ಇಲ್ಲವೇ ಕಾಸರಗೋಡು, ಕುಂಬಳೆ, ಉಪ್ಪಳದ ಅಂಗಡಿಗಳಲ್ಲಿ ಬಿಲ್ಲಿಂಗಿಗೆ ಕೂರುತ್ತಾರೆ. ಸ್ವಲ್ಪ ಜನ ಗಲ್ಫ್.

ನನ್ನ ಪಾಠದಲ್ಲಿ ಲೆಕ್ಕ ಬಹಳ ಚಂದ ಇರುತ್ತದೆ. ‘ರಾಮುವಿನಿಂದ 20,000 ರೂಪಾಯಿಯ ಸರಕು ಸಾಲಕ್ಕೆ ಖರೀದಿ, ಸಿಜಿಎಸ್‌ಟಿ ಇಷ್ಟು, ಎಸ್‌ಜಿಎಸ್‌ಟಿ ಇಷ್ಟು.’ ಜಿಎಸ್‌ಟಿಯಲ್ಲಿ ಕೇಂದ್ರದ ಪಾಲು, ರಾಜ್ಯದ ಪಾಲು ಅಂತ. ಈ ರಾಮು ಯಾವತ್ತೂ ಬಿಲ್ ಕಳೆದುಕೊಳ್ಳುವುದಿಲ್ಲ. ನಂಬರ್ ತಪ್ಪು ಬರೆಯುವುದಿಲ್ಲ. ದುಡ್ಡು ಅರ್ಧ ಗೂಗಲ್ ಪೇ, ಅರ್ಧ ಕೈಯಲ್ಲಿ ಕೊಡುವುದಿಲ್ಲ. ಇಷ್ಟು ಒಳ್ಳೆಯ ರಾಮು ನಮ್ಮ ಪೇಟೆಯಲ್ಲಿ ಎಲ್ಲಿದ್ದಾನೆ ಅಂತ ನನಗೆ ಗೊತ್ತಿಲ್ಲ.

ನಮ್ಮಲ್ಲಿ ಪಾಸಾದ ಹುಡುಗಿಯೊಬ್ಬಳು ಈಗ ಹಾರ್ಡ್‌ವೇರ್ ಅಂಗಡಿಯೊಂದರಲ್ಲಿ ಇದ್ದಾಳೆ. ‘ಟೀಚರ್, ಮಂಗಳೂರಿನಿಂದ ತಂದ ಮಾಲಿನ ಟ್ಯಾಕ್ಸ್ ನಮಗೆ ವಾಪಸ್ ಸಿಗುವುದಿಲ್ಲವಂತೆ, ಯಾಕೆ?’ ಅಂತ ಫೋನ್ ಮಾಡಿದ್ದಳು. ನಿಯಮ ಹೇಳಿದೆ. ಅವಳಿಗೆ ಬೇಕಾಗಿದ್ದದ್ದು ನಿಯಮ ಅಲ್ಲ, ನಾಳೆ ಬೆಳಗ್ಗೆ ಆ ಬಿಲ್ ಇಟ್ಟುಕೊಂಡು ಯಾರಿಗೆ ಏನು ಹೇಳುವುದು ಅಂತ. ಅದು ಪುಸ್ತಕದಲ್ಲಿ ಇಲ್ಲ.

ಲೆಕ್ಕದ ಸಾಫ್ಟ್‌ವೇರ್ ಟ್ಯಾಲಿ ಕಲಿಯಲು ಕ್ಲಾಸಿಗೆ ಹೋಗಿ ಅನ್ನಬೇಡಿ. ಅದು ನನಗೆ ಬರುತ್ತದೆ. ನಮ್ಮ ಲ್ಯಾಬಿನಲ್ಲಿ ಟ್ಯಾಲಿ ಬದಲು ಪುಕ್ಕಟೆ ಸಾಫ್ಟ್‌ವೇರ್‌ಗಳು, ಉಬುಂಟು, ಗ್ನುಖಾತಾ, ಲಿಬ್ರೆ ಆಫೀಸ್. ಅದರ ಬಗ್ಗೆಯೂ ತಕರಾರಿಲ್ಲ, ಡೆಬಿಟ್ ಎಲ್ಲಿದ್ದರೂ ಡೆಬಿಟ್ಟೇ.

ನನ್ನ ಸಂಶಯಗಳು ಬೇರೆ. ಯಾರು ಸೇರಿಸಿಕೊಳ್ಳುತ್ತಾರೆ? ಏನಂತ ಕೇಳುವುದು? ಏಪ್ರಿಲ್‌ನಲ್ಲಿ ಉತ್ತರ ಪತ್ರಿಕೆಯ ವ್ಯಾಲ್ಯುವೇಶನ್ ಕ್ಯಾಂಪ್, ಮೇಯಲ್ಲಿ ನಮಗೇ ಟ್ರೈನಿಂಗ್, ನಡುವೆ ಎಷ್ಟು ದಿನ ಸಿಗುತ್ತದೆ? ಪ್ರಿನ್ಸಿಪಾಲರ ಒಪ್ಪಿಗೆ ಬೇಕಾ? ಮತ್ತೆ, ಎರಡು ವಾರದಲ್ಲಿ ನಿಜಕ್ಕೂ ಏನಾದರೂ ಕಲಿಯಲು ಆಗುತ್ತದಾ, ಅಥವಾ ಚಾ ಕುಡಿದು ಬರುವುದಾ? ಮನೆಯಲ್ಲಿ ಅತ್ತೆಯವರು ‘ರಜೆಯಲ್ಲಿ ಹಪ್ಪಳ ಮಾಡುವ ಹೊತ್ತಿಗೆ ಇವಳಿಗೆ ಆಫೀಸು’ ಅಂತ ಶುರು ಮಾಡಿಯಾಗಿದೆ. ಹಾಗಾಗಿ ಬೇಗ ಹೇಳಿ.

ಸ್ಪ್ಯಾನರ್ ಮಾಷ್ಟ್ರು ಬರೆದದ್ದು:

ಟೀಚರೇ, ಹೋಗಿ. ಕಣ್ಣು ಮುಚ್ಚಿ ಹೋಗಿ. ಆದರೆ ಎಲ್ಲಿಗೆ ಅನ್ನುವುದನ್ನು ಕಣ್ಣು ತೆರೆದು ನೋಡಿ.

ನಾನು ವಿಎಚ್‌ಎಸ್‌ಇಯಲ್ಲಿ, ಅಂದರೆ ವೃತ್ತಿ ಕಲಿಸುವ ಪ್ಲಸ್ ಟುವಿನಲ್ಲಿ, ಆಟೊಮೊಬೈಲ್ ಕಲಿಸುವವ. ನಮ್ಮ ಮಕ್ಕಳಿಗೆ ಓಜೆಟಿ ಅಂತ ಇದೆ, ವರ್ಕ್‌ಶಾಪಿಗೆ ಹೋಗಿ ಕೆಲಸ ಕಲಿಯಲೇಬೇಕು. ಅವರನ್ನು ಕಳಿಸುವ ನಮಗೆ ಅಂಥದ್ದು ಕಡ್ಡಾಯ ಇಲ್ಲ. ಇದು ಎಂಥ ನ್ಯಾಯವೋ ನನಗೆ ಇವತ್ತಿಗೂ ಅರ್ಥವಾಗಿಲ್ಲ.

ಮೊದಲ ಸಲ ಹೋದದ್ದು ಮಂಗಳೂರಿನ ಒಂದು ದೊಡ್ಡ ಶೋರೂಮಿನ ಸರ್ವಿಸ್ ಸೆಂಟರಿಗೆ. ಶಾಲೆಯ ಪತ್ರ, ಸೀಲು, ಎಲ್ಲ ಸಮೇತ. ಎಸಿ ರೂಮಿನಲ್ಲಿ ಕೂರಿಸಿದರು. ಪಿಪಿಟಿ ತೋರಿಸಿದರು. ಚಾ, ಬಿಸ್ಕತ್ತು, ಊಟ, ಫೋಟೋ. ಗಾಜಿನ ಆಚೆ ಹುಡುಗರು ಕೆಲಸ ಮಾಡುವುದನ್ನು ಮೃಗಾಲಯದಲ್ಲಿ ನೋಡಿದ ಹಾಗೆ ನೋಡಿದೆ. ಸರ್ಟಿಫಿಕೇಟ್ ಕೊಟ್ಟರು, ಚಂದದ್ದು, ದಪ್ಪ ಕಾಗದ. ಒಂದು ನಟ್ ಮುಟ್ಟಲು ಬಿಡಲಿಲ್ಲ. ಅವರ ತಪ್ಪೂ ಅಲ್ಲ, ಗಿರಾಕಿಯ ಗಾಡಿಗೆ ನಾನು ಏನಾದರೂ ಮಾಡಿದರೆ ಜವಾಬ್ದಾರಿ ಯಾರದ್ದು?

ಆಮೇಲಿನ ರಜೆಯಲ್ಲಿ ಕುಂಬಳೆ ಹತ್ತಿರದ ಒಂದು ಟೂವೀಲರ್ ವರ್ಕ್‌ಶಾಪಿಗೆ ಹೋದೆ. ಎಲ್ಲ ಕಂಪನಿಯ ಗಾಡಿಗಳೂ ಬರುವ ಜಾಗ, ಶೀಟ್ ಹಾಕಿದ ಶೆಡ್ಡು. ಮಾಲೀಕರು ಮೊದಲು ನನ್ನನ್ನು ಯಾವುದೋ ಡಿಪಾರ್ಟ್‌ಮೆಂಟಿನವ, ತಪಾಸಣೆಗೆ ಬಂದಿದ್ದಾನೆ ಅಂದುಕೊಂಡರು. ಲೈಸೆನ್ಸಿನ ಫೈಲ್ ತೆಗೆದು ಮೇಜಿನ ಮೇಲೆ ಇಟ್ಟರು! ‘ಅಲ್ಲ ಮಾರಾಯ್ರೇ, ನಿಮ್ಮಲ್ಲಿ ಕೆಲಸ ಕಲಿಯಬೇಕು’ ಅಂದಾಗ ನಕ್ಕು, ‘ಹಾಗಾದರೆ ಅಂಗಿ ಬದಲಿಸಿ ಬನ್ನಿ’ ಅಂದರು.

ಅಲ್ಲಿ ನನಗೆ ಕಲಿಸಿದ್ದು ನಮ್ಮದೇ ಹಳೆಯ ವಿದ್ಯಾರ್ಥಿ. ಒಂದು ಸ್ಕೂಟರ್ ಬಂತು, ಚೆಕ್ ಎಂಜಿನ್ ಲೈಟ್ ಉರಿಯುತ್ತಾ ಇತ್ತು. ನಾನು ಸ್ಕ್ಯಾನರ್ ಎಲ್ಲಿ ಅಂತ ನೋಡುತ್ತಿದ್ದೇನೆ, ಅವನು ಸೀಟ್ ಎತ್ತಿ, ಪ್ಯಾನೆಲ್ ಬಿಚ್ಚಿ, ಟಾರ್ಚ್ ಹಾಕಿ ಮೂಸಿ ನೋಡಿದ. ‘ಇಲಿ, ಸರ್.’ ಆಕ್ಸಿಜನ್ ಸೆನ್ಸರಿನ ವಯರನ್ನು ಇಲಿ ಕಡಿದಿತ್ತು. ಮಳೆ ಹಿಡಿದ ಮೇಲೆ ತೋಟದ ಮನೆಗಳಲ್ಲಿ ನಿಲ್ಲಿಸಿದ ಗಾಡಿಗಳಿಗೆ ಇದು ಮಾಮೂಲು ಅಂತೆ. ವಯರಿಗೆ ಸ್ಲೀವ್ ಹಾಕಿ ಜೋಡಿಸಿ, ಆಮೇಲೆ ಸ್ಕ್ಯಾನರ್ ಹಾಕಿ ಕೋಡ್ ಅಳಿಸಿದ. ಸ್ಕ್ಯಾನರಿಗೆ ‘ಸೆನ್ಸರ್ ಸರ್ಕಿಟ್‌ನಲ್ಲಿ ತೊಂದರೆ’ ಅಂತ ಹೇಳಲು ಬರುತ್ತದೆ, ‘ಇಲಿ’ ಅನ್ನಲು ಬರುವುದಿಲ್ಲ. ಸ್ಕ್ಯಾನರನ್ನೇ ನಂಬಿದವರು ಹೊಸ ಸೆನ್ಸರ್ ಹಾಕಿಸಿ ಸಾವಿರಗಟ್ಟಲೆ ಬಿಲ್ ಮಾಡುತ್ತಾರೆ, ವಯರ್ ಕಡಿದೇ ಇರುತ್ತದೆ, ಲೈಟ್ ಮತ್ತೆ ಉರಿಯುತ್ತದೆ.

2020ರ ಏಪ್ರಿಲ್‌ನಿಂದ ಹೊಗೆಯ ಹೊಸ ನಿಯಮ ಬಿಎಸ್ 6 ಬಂದ ಮೇಲೆ ಕಾರ್ಬ್ಯುರೇಟರ್ ಹೋಗಿ ಫ್ಯುಯೆಲ್ ಇಂಜೆಕ್ಷನ್ ಬಂತು, ಅದಕ್ಕೆ ಒಂದು ವರ್ಷ ಮೊದಲೇ 125 ಸಿಸಿ ಮೇಲಿನ ಬೈಕುಗಳಿಗೆ ಚಕ್ರ ಲಾಕ್ ಆಗದ ಬ್ರೇಕ್ (ಎಬಿಎಸ್) ಕಡ್ಡಾಯ ಆಯಿತು ಅನ್ನುವುದೆಲ್ಲ ನನಗೆ ಓದಿ ಗೊತ್ತಿತ್ತು. ಮಕ್ಕಳಿಗೂ ಹೇಳುತ್ತಿದ್ದೆ. ಶೆಡ್ಡಿನಲ್ಲಿ ನಿಂತಾಗ ಗೊತ್ತಾದದ್ದು ಬೇರೆ: ಹಳೆಯ ಕಾರ್ಬ್ಯುರೇಟರ್ ಗಾಡಿಗಳು ಈಗಲೂ ಬರುತ್ತವೆ, ಅದನ್ನು ರಿಪೇರಿ ಮಾಡಲು ಬರುವ ಹುಡುಗರು ಕಡಿಮೆ ಆಗಿದ್ದಾರೆ. ಅದಕ್ಕೆ ನಾನು ಆ ಪಾಠವನ್ನು ಬಿಡಲಿಲ್ಲ, ಮೊಟಕು ಮಾಡಿದೆ. ಗುಜರಿಗೆ ಹೋಗಬೇಕಾಗಿದ್ದ, ಇಂಜೆಕ್ಷನ್ ಗಾಡಿಯ ಒಂದು ಥ್ರಾಟಲ್ ಬಾಡಿಯನ್ನು ಮಾಲೀಕರು ಲ್ಯಾಬಿಗೆ ಅಂತ ಕೊಟ್ಟರು. ಈಗ ಅದೂ ಕಾರ್ಬ್ಯುರೇಟರೂ ಒಂದೇ ಮೇಜಿನ ಮೇಲೆ ಇವೆ.

ಇನ್ನೊಂದು ವಿಷಯ, ಜಾಬ್ ಕಾರ್ಡ್, ಅಂದರೆ ಗಾಡಿಯ ದೂರು ಬರೆದುಕೊಳ್ಳುವ ಚೀಟಿ. ಗಿರಾಕಿ ಬಂದು ‘ಗಾಡಿ ಒಂದು ನಮೂನೆ ಆಗ್ತದೆ’ ಅಂತಾರೆ. ಈ ‘ಒಂದು ನಮೂನೆ’ಯನ್ನು ಕೇಳಿ ಕೇಳಿ, ಬೆಳಗ್ಗೆಯೋ ಸಂಜೆಯೋ, ಏರಿನಲ್ಲೋ ಇಳಿಜಾರಿನಲ್ಲೋ, ಒಬ್ಬರೇ ಕೂತಾಗಲೋ ಇಬ್ಬರಿದ್ದಾಗಲೋ ಅಂತ ತೆಗೆದು ಎರಡು ಸಾಲಿನಲ್ಲಿ ಬರೆಯಬೇಕು. ಅದು ಬಂದರೆ ಅರ್ಧ ರಿಪೇರಿ ಆದ ಹಾಗೆ. ನಮ್ಮ ಸಿಲೆಬಸ್ಸಿನಲ್ಲಿ ಇದಕ್ಕೆ ಒಂದು ಪೀರಿಯಡ್ ಕೂಡ ಸರಿಯಾಗಿ ಸಿಗುವುದಿಲ್ಲ. ಈಗ ನನ್ನ ಕ್ಲಾಸಿನಲ್ಲಿ ಒಬ್ಬ ಗಿರಾಕಿ, ಒಬ್ಬ ಸೂಪರ್‌ವೈಸರ್. ಗಿರಾಕಿಯಾದವನಿಗೆ ಏನೂ ಸರಿಯಾಗಿ ಹೇಳಬಾರದು ಅಂತ ನಾನೇ ಹೇಳಿಕೊಟ್ಟಿರುತ್ತೇನೆ. ಮಕ್ಕಳು ಅದನ್ನು ಎಷ್ಟು ಚೆನ್ನಾಗಿ ಮಾಡುತ್ತಾರೆ ಅಂದರೆ, ಯಕ್ಷಗಾನದ ಹಾಸ್ಯಗಾರರನ್ನು ಕರೆಸಬೇಕಾಗಿಲ್ಲ.

ನಿಮಗೆ ಹೇಳುವುದಿಷ್ಟೇ. ನಿಮ್ಮ ಮಕ್ಕಳು ನಿಜವಾಗಿ ಎಲ್ಲಿ ಕೆಲಸಕ್ಕೆ ಹೋಗುತ್ತಾರೋ ಅಲ್ಲಿಗೇ ಹೋಗಿ. ದೊಡ್ಡ ಹೆಸರಿನ ಕಡೆ ಹೋದರೆ ನೀವು ಅತಿಥಿ. ಸಣ್ಣ ಕಡೆ ಹೋದರೆ ಕೈಗೊಂದು ಕೆಲಸ. ಮೊದಲ ಎರಡು ದಿನ ನಿಮ್ಮನ್ನು ಏನು ಮಾಡುವುದು ಅಂತ ಅವರಿಗೂ ಗೊತ್ತಾಗುವುದಿಲ್ಲ. ಬೇಜಾರು ಮಾಡಿಕೊಂಡು ಎದ್ದು ಬರಬೇಡಿ.

ಸಂಘದವ ಬರೆದದ್ದು:

ಎಲ್ಲ ಸರಿ. ಆದರೆ ಒಂದು ಮಾತು ಕೇಳುತ್ತೇನೆ, ಸಿಟ್ಟು ಮಾಡಬೇಡಿ. ಇಲಾಖೆ ಮಾಡಬೇಕಾದ್ದನ್ನು ಟೀಚರ್ ತನ್ನ ರಜೆಯಲ್ಲಿ, ತನ್ನ ಬಸ್ ಚಾರ್ಜಿನಲ್ಲಿ ಯಾಕೆ ಮಾಡಬೇಕು? ಎಲೆಕ್ಷನ್ ಡ್ಯೂಟಿ ನಮಗೆ, ವ್ಯಾಲ್ಯುವೇಶನ್ ನಮಗೆ, ಕಲೋತ್ಸವ ನಮಗೆ, ಈಗ ಇದೂ. ನಾಳೆ ನಾಲ್ಕು ಜನ ಹೀಗೆ ಹೋದರು ಅಂದರೆ ನಾಡಿದ್ದು ‘ಎಲ್ಲರೂ ಹೋಗಬೇಕು’ ಅಂತ ಸರ್ಕ್ಯುಲರ್ ಬರುತ್ತದೆ, ದುಡ್ಡಿನ ಸುದ್ದಿ ಇರುವುದಿಲ್ಲ. ಡ್ಯೂಟಿ ಲೀವ್ ಕೊಡಲಿ, ಟಿಎ ಕೊಡಲಿ, ಆಮೇಲೆ ಮಾತಾಡೋಣ. ಕಲಿಯುವುದು ಬೇಡ ಅಂತ ನಾನು ಹೇಳುತ್ತಿಲ್ಲ.

ಅನುಮತಿಯ ವಿಷಯ ಮಾತ್ರ ಗಂಭೀರವಾಗಿ ತೆಗೆದುಕೊಳ್ಳಿ. ಸರಕಾರಿ ಶಾಲೆಯಾದರೆ ಸರಕಾರಿ ನೌಕರರ 1960ರ ನಡತೆ ನಿಯಮಗಳು, ಅನುದಾನಿತ ಶಾಲೆಯಾದರೆ ಕೇರಳ ಶಿಕ್ಷಣ ನಿಯಮಗಳು (ಕೆಇಆರ್). ಹೊರಗೆ ಸಂಬಳಕ್ಕೆ ದುಡಿಯುವ ಹಾಗಿಲ್ಲ. ನೀವು ಸಂಬಳ ತೆಗೆದುಕೊಳ್ಳುವುದಿಲ್ಲ ಅಂದಿರಿ, ಒಳ್ಳೆಯದು. ಆದರೂ ‘ರಜೆಯಲ್ಲಿ, ಸಂಬಳವಿಲ್ಲದೆ, ಪಾಠಕ್ಕೆ ಸಂಬಂಧಿಸಿದ ಪ್ರಾಯೋಗಿಕ ಪರಿಚಯಕ್ಕಾಗಿ’ ಅಂತ ಒಂದು ಅರ್ಜಿ ಬರೆದು, ಪ್ರಿನ್ಸಿಪಾಲರ ಸಹಿ ಹಾಕಿಸಿ ಒಂದು ಪ್ರತಿ ಇಟ್ಟುಕೊಳ್ಳಿ. ಬಸ್ ಚಾರ್ಜೂ ಅವರಿಂದ ತೆಗೆದುಕೊಳ್ಳಬೇಡಿ. ನಮ್ಮ ಊರಿನಲ್ಲಿ ಪಿಟಿಷನ್ ಹಾಕುವವರಿಗೆ ಬರಗಾಲ ಇಲ್ಲ.

ಕುಂಬಳೆ ಲೆಕ್ಕದವ ಬರೆದದ್ದು:

ಟೀಚರೇ, ನಾನು ಜಿಎಸ್‌ಟಿ ಫೈಲ್ ಮಾಡುವ ಸಣ್ಣ ಆಫೀಸಿನವ. ನಾವು ಮೂರು ಜನ, ಎರಡು ಕಂಪ್ಯೂಟರ್, ಒಂದು ಫ್ಯಾನ್. ನನ್ನ ಕಡೆಯಿಂದ ಹೇಳುತ್ತೇನೆ.

ಮೊದಲು ನಿಮ್ಮ ಹುಡುಗಿಯ ಹಾರ್ಡ್‌ವೇರ್ ಅಂಗಡಿಯ ಪ್ರಶ್ನೆ. ಇದು ನಮಗೆ ತಿಂಗಳೂ ಇರುವ ತಲೆನೋವು. ಜಿಎಸ್‌ಟಿ ನಂಬರಿನ ಮೊದಲ ಎರಡು ಅಂಕಿ ರಾಜ್ಯದ್ದು. ಕರ್ನಾಟಕ 29, ಕೇರಳ 32. ನಮ್ಮ ಅಂಗಡಿಯವರು ಮಂಗಳೂರಿಗೆ ಹೋಗಿ ಕೌಂಟರಿನಲ್ಲೇ ಮಾಲು ತೆಗೆದುಕೊಂಡು, ತಮ್ಮ ಗಾಡಿಯಲ್ಲಿ ಹಾಕಿಕೊಂಡು ತಲಪಾಡಿಯ ಗಡಿ ದಾಟಿ ಬರುತ್ತಾರೆ. ಅಲ್ಲಿನವರು ಊರ ಗಿರಾಕಿಗೆ ಹಾಕಿದ ಹಾಗೆ ಸಿಜಿಎಸ್‌ಟಿ, ಎಸ್‌ಜಿಎಸ್‌ಟಿ ಹಾಕಿ ಬಿಲ್ ಕೊಡುತ್ತಾರೆ. ಕರ್ನಾಟಕದ ಆ ತೆರಿಗೆಯನ್ನು ಕೇರಳದ ನೋಂದಣಿಯಲ್ಲಿ ಕಟ್ಟಬೇಕಾದ ತೆರಿಗೆಯಿಂದ ಕಳೆಯಲು (ಅದೇ ಕ್ರೆಡಿಟ್) ಆಗುವುದಿಲ್ಲ. ರಾಜ್ಯದಿಂದ ರಾಜ್ಯಕ್ಕೆ ಹೋಗುವ ಮಾಲಿನ ತೆರಿಗೆ ಐಜಿಎಸ್‌ಟಿ, ಅದನ್ನು ಹಾಕಿಸಬೇಕಿತ್ತು. ಅಂಗಡಿಯವರು ದುಡ್ಡು ಕೊಟ್ಟಾಗಿದೆ, ಕ್ರೆಡಿಟ್ ಇಲ್ಲ. ಅವಳು ಮಾಡಬೇಕಾದ್ದು ಏನೆಂದರೆ, ಬಿಲ್ ಕೈಗೆ ಬಂದ ದಿನವೇ ಆ ವ್ಯಾಪಾರಿಗೆ ಫೋನ್ ಮಾಡಿ, ನಮ್ಮ 32ರ ನಂಬರ್ ಕೊಟ್ಟು ಬಿಲ್ ತಿದ್ದಿಸಲು ಹೇಳುವುದು. ಅವರು ತಿಂಗಳ ರಿಟರ್ನ್ ಹಾಕಿದ ಮೇಲೆ ಹೇಳಿದರೆ ‘ಈಗ ಆಗುವುದಿಲ್ಲ’ ಅನ್ನುತ್ತಾರೆ. 50,000 ರೂಪಾಯಿ ದಾಟಿದ ಮಾಲಾದರೆ ಸಾಗಣೆಯ ಇ-ವೇ ಬಿಲ್ ಇದೆಯಾ ಅಂತಲೂ ಆಗಲೇ ನೋಡಬೇಕು.

ಈ ಗಡಿಯಲ್ಲಿ ಇಂಥವು ಬೇಕಾದಷ್ಟು ಇವೆ. ಕಾಂಪೊಸಿಷನ್ (ಸಣ್ಣ ವ್ಯಾಪಾರಿಗಳ ಸುಲಭ ತೆರಿಗೆ ಸ್ಕೀಮ್) ತೆಗೆದುಕೊಂಡ ಅಂಗಡಿಯವ ಬೇರೆ ರಾಜ್ಯಕ್ಕೆ ಮಾರುವ ಹಾಗಿಲ್ಲ. ಮಂಜೇಶ್ವರದಲ್ಲಿ ಕೂತವನಿಗೆ ಉಳ್ಳಾಲವೇ ಬೇರೆ ರಾಜ್ಯ! ಗೇರುಬೀಜ ಇನ್ನೊಂದು. ಸಿಪ್ಪೆ ತೆಗೆಯದ ಗೇರುಬೀಜವನ್ನು ಕೃಷಿಕರಿಂದ ನೋಂದಣಿ ಇರುವ ವ್ಯಾಪಾರಿ ಕೊಂಡರೆ, ತೆರಿಗೆ ಕಟ್ಟಬೇಕಾದ್ದು ಮಾರಿದವರಲ್ಲ, ಕೊಂಡವನು. ಬಿಲ್ಲನ್ನೂ ಅವನೇ ಬರೆದುಕೊಳ್ಳಬೇಕು. ಅದೇ ಕೃಷಿಕರು ಅದೇ ದಿನ ತಂದ ಅಡಿಕೆಗೆ ಹಾಗಿಲ್ಲ. ನಿಮ್ಮ ರಾಮುವನ್ನು ಒಂದು ಗೇರುಬೀಜದ ಅಂಗಡಿಯಲ್ಲಿ ಕೂರಿಸಿ, ಮಕ್ಕಳು ಜನ್ಮದಲ್ಲಿ ಮರೆಯುವುದಿಲ್ಲ.

ಬಿಲ್ಲುಗಳು ನಮ್ಮಲ್ಲಿಗೆ ಹೇಗೆ ಬರುತ್ತವೆ ಅಂತ ಹೇಳಲಾ? ಪ್ಲಾಸ್ಟಿಕ್ ತೊಟ್ಟೆಯಲ್ಲಿ. ಕೆಲವರದ್ದು ಗೊಬ್ಬರದ ಗೋಣಿಯಲ್ಲಿ. ಜೂನ್ ಆಮೇಲೆ ಒದ್ದೆಯಾಗಿ ಒಂದಕ್ಕೊಂದು ಅಂಟಿಕೊಂಡು. ಥರ್ಮಲ್ ಪೇಪರಿನವು ಎರಡು ತಿಂಗಳು ಡ್ಯಾಶ್‌ಬೋರ್ಡಿನಲ್ಲಿ ಇದ್ದು ಪೂರ್ತಿ ಬಿಳಿ ಆಗಿರುತ್ತವೆ, ಬೆಳಕಿಗೆ ಹಿಡಿದು ಓರೆಯಾಗಿ ನೋಡಿದರೆ ಮೊತ್ತ ಮಾತ್ರ ಅಲ್ಪಸ್ವಲ್ಪ ಕಾಣುತ್ತದೆ. ಮೊದಲ ಕೆಲಸ ಟ್ಯಾಲಿ ಅಲ್ಲ. ನೆಲದಲ್ಲಿ ಪೇಪರ್ ಹಾಸಿ 29 ಒಂದು ಕಡೆ, 32 ಒಂದು ಕಡೆ, ನಂಬರೇ ಇಲ್ಲದ್ದು ಮೂರನೇ ಕಡೆ ಅಂತ ರಾಶಿ ಹಾಕುವುದು. ನಮ್ಮಲ್ಲಿ ಬಿಕಾಂ ಮುಗಿಸಿ ಬರುವ ಮಕ್ಕಳಿಗೆ ಎಂಟ್ರಿ ಹಾಕಲು ಬರುತ್ತದೆ. ಈ ರಾಶಿ ಹಾಕಲು ಬರುವುದಿಲ್ಲ, ಯಾಕೆಂದರೆ ಅವರು ಕಾಲೇಜಿನಲ್ಲಿ ಒಂದು ನಿಜವಾದ ಬಿಲ್ಲನ್ನೇ ಮುಟ್ಟಿರುವುದಿಲ್ಲ.

ಬ್ಯಾಂಕ್ ರೀಕನ್ಸಿಲಿಯೇಶನ್ನೂ, ಅಂದರೆ ನಮ್ಮ ಲೆಕ್ಕವನ್ನು ಬ್ಯಾಂಕಿನದ್ದಕ್ಕೆ ತಾಳೆ ನೋಡುವುದೂ, ಹಾಗೇ. ಪುಸ್ತಕದಲ್ಲಿ ಚೆಕ್ ಹಾಕಿದ್ದು, ಚೆಕ್ ಪಾಸಾಗದ್ದು. ನಮ್ಮ ಬೇಕರಿಯವರ ಪಾಸ್‌ಬುಕ್ಕಿನಲ್ಲಿ ಪುಟಗಟ್ಟಲೆ ಯುಪಿಐ, ಹತ್ತು ರೂಪಾಯಿ, ಇಪ್ಪತ್ತು ರೂಪಾಯಿ. ಕ್ಯೂಆರ್ ಕಂಪನಿಯ ಮೂಲಕ ಬಂದದ್ದಾದರೆ ಮಾರನೇ ದಿನ ಒಟ್ಟಾಗಿ ಒಂದೇ ಮೊತ್ತ. ಅದರ ನಡುವೆ ಅಣ್ಣ ಕಳಿಸಿದ ಗಲ್ಫಿನ ದುಡ್ಡು, ಚಿಟ್ ಫಂಡು, ಮಗಳ ಫೀಸು. ಯಾವುದು ವ್ಯಾಪಾರದ್ದು, ಯಾವುದು ಮನೆಯದ್ದು ಅಂತ ಬೇಕರಿಯವರಿಗೇ ನೆನಪಿರುವುದಿಲ್ಲ. ಅದೆಲ್ಲ ಯಾವುದೆಂದು ಗೊತ್ತಾಗದ್ದನ್ನು ಇಡುವ ಸಸ್ಪೆನ್ಸ್ ಖಾತೆಗೆ ಹೋಗಿ, ನಾವು ಫೋನ್ ಮಾಡಿ ಕೇಳಿ ಒಂದೊಂದನ್ನೇ ಹೊರಗೆ ತೆಗೆಯುವುದು. ಕಾಮರ್ಸ್ ಕ್ಲಾಸಿನಲ್ಲಿ ಫೋನಿನಲ್ಲಿ ಮಾತಾಡುವುದನ್ನು ಯಾರೂ ಕಲಿಸುವುದಿಲ್ಲ, ಇಲ್ಲಿ ಅರ್ಧ ದಿನ ಅದೇ ಕೆಲಸ.

ಸೇರಿಸಿಕೊಳ್ಳುವ ವಿಷಯ. ನಾವು ಹೆದರುವುದು ಎರಡಕ್ಕೆ. ಒಂದು, ಸಮಯ. ಏಪ್ರಿಲ್ ಮೊದಲರ್ಧದಲ್ಲಿ ದೊಡ್ಡ ಆಡಿಟರುಗಳೆಲ್ಲ ಬ್ಯಾಂಕ್ ಬ್ರಾಂಚ್ ಆಡಿಟಿನಲ್ಲಿ ಇರುತ್ತಾರೆ, ಸೆಪ್ಟೆಂಬರಿನಲ್ಲಿ ಟ್ಯಾಕ್ಸ್ ಆಡಿಟ್. ಆಗ ಬಂದು ಕೇಳಿದರೆ ಗೇಟಿನ ಹೊರಗೇ. ಎರಡು, ಗುಟ್ಟು. ಪೇಟೆಯ ಅರ್ಧ ಅಂಗಡಿಗಳ ವ್ಯಾಪಾರ ನಮ್ಮ ಕಂಪ್ಯೂಟರಿನಲ್ಲಿ ಇದೆ. ಟೀಚರ್ ಅಂದರೆ ಊರಿಗೆಲ್ಲ ಗೊತ್ತಿರುವವರು, ಅವರ ವಿದ್ಯಾರ್ಥಿಯ ಅಪ್ಪನ ಅಂಗಡಿಯ ಫೈಲೇ ಎದುರಿಗೆ ಬರುತ್ತದೆ. ನೀವು ಕೇಳಲು ಬರುವಾಗಲೇ ‘ಯಾರ ಲೆಕ್ಕವನ್ನೂ ಹೊರಗೆ ಆಡುವುದಿಲ್ಲ, ಫೋಟೋ ತೆಗೆಯುವುದಿಲ್ಲ’ ಅಂತ ಬರೆದುಕೊಟ್ಟರೆ ಅರ್ಧ ಬಾಗಿಲು ತೆರೆದ ಹಾಗೆ.

ತಲಪಾಡಿ ದಾಟುವವ ಬರೆದದ್ದು:

ನಾನು ಮಂಗಳೂರಿನ ಕಡೆ ಡಿಪ್ಲೊಮಾ ಮಕ್ಕಳಿಗೆ ಕಲಿಸುವವ, ಮನೆ ಉಪ್ಪಳ. ಸಂಘದವರ ಮಾತಿಗೆ ಸ್ವಲ್ಪ ಸೇರಿಸುತ್ತೇನೆ. ನಮ್ಮ ಕಡೆ ಇದು ಕಾಗದದಲ್ಲಿ ಬಂದಾಗಿದೆ. ತಾಂತ್ರಿಕ ಶಿಕ್ಷಣ ಮಂಡಳಿ ಎಐಸಿಟಿಇಯ 2019ರ ನಿಯಮಗಳಲ್ಲಿ ಬಡ್ತಿಗೆ ಕೇಳುವ ಸಂಗತಿಗಳಲ್ಲಿ ಕೈಗಾರಿಕಾ ತರಬೇತಿಯೂ ಒಂದು. ಫಲ ಏನಾಯಿತು ಅಂದರೆ, ಬಡ್ತಿ ಹತ್ತಿರ ಬಂದವರು ಸರ್ಟಿಫಿಕೇಟ್ ಹುಡುಕುತ್ತಾರೆ, ಬಡ್ತಿ ದೂರ ಇರುವ ಹೊಸಬರು ಹೋಗುವುದಿಲ್ಲ. ಕಲಿತದ್ದು ಕ್ಲಾಸಿಗೆ ಬಂತಾ ಅಂತ ಕೇಳುವವರಿಲ್ಲ. ಎಲ್ಲರೂ ಹೀಗೆ ಅನ್ನುತ್ತಿಲ್ಲ, ಒಳ್ಳೆಯ ಕೆಲಸ ಮಾಡಿ ಬಂದವರೂ ನಮ್ಮಲ್ಲೇ ಇದ್ದಾರೆ.

ಚೀನಾದಲ್ಲಿ 2016ರಿಂದ ವೃತ್ತಿ ಶಿಕ್ಷಣದ ಮೇಷ್ಟ್ರುಗಳು ಐದು ವರ್ಷದಲ್ಲಿ ಒಟ್ಟು ಆರು ತಿಂಗಳಾದರೂ ಕಂಪನಿಗಳಲ್ಲಿ ಕೆಲಸ ಮಾಡಬೇಕು ಅಂತ ಇದೆ. ಆಸ್ಟ್ರೇಲಿಯಾದಲ್ಲಿ ದಿನಗಳ ಲೆಕ್ಕಕ್ಕಿಂತ, ಕಲಿಸುವವರ ಕೈಕೆಲಸ ಇವತ್ತಿನದ್ದಾಗಿ ಇರಬೇಕು, ಅದನ್ನು ಸಂಸ್ಥೆ ತೋರಿಸಬೇಕು ಅನ್ನುವ ರೀತಿ. ನನಗೆ ಎರಡನೆಯದು ಸರಿ ಅನಿಸುತ್ತದೆ. ನಮ್ಮಲ್ಲಿ ಯುಜಿಸಿ 2022ರಲ್ಲಿ ‘ಪ್ರೊಫೆಸರ್ ಆಫ್ ಪ್ರಾಕ್ಟೀಸ್’ ಅಂತ ಉಲ್ಟಾ ದಾರಿ ತೆಗೆಯಿತು, ಕೆಲಸ ಗೊತ್ತಿದ್ದವರನ್ನೇ ಕಾಲೇಜಿಗೆ ಕರೆಸುವುದು. ಒಳ್ಳೆಯದೇ. ಆದರೆ ಪ್ಲಸ್ ಟು ಕ್ಲಾಸಿಗೆ ಅದು ಬರುವುದಿಲ್ಲ, ಅಲ್ವಾ? ಅಲ್ಲಿ ಟೀಚರೇ ಹೋಗಬೇಕು.

ಹೊಸ ಶಿಕ್ಷಣ ನೀತಿಯಲ್ಲಿ ಆರರಿಂದ ಎಂಟನೆಯವರೆಗಿನ ಮಕ್ಕಳಿಗೆ ಹತ್ತು ದಿನ ಬ್ಯಾಗಿಲ್ಲದೆ ಊರ ಬಡಗಿ, ತೋಟಗಾರ, ಕುಂಬಾರರ ಹತ್ತಿರ ಕಲಿಯುವ ಮಾತಿದೆ. ಮೇಷ್ಟ್ರಿಗೆ ಬ್ಯಾಗಿಲ್ಲದ ದಿನ ಯಾವಾಗ ಅಂತ ನಾನೊಮ್ಮೆ ಸ್ಟಾಫ್ ರೂಮಿನಲ್ಲಿ ಕೇಳಿದ್ದಕ್ಕೆ, ‘ರಿಟೈರ್ ಆದ ಮೇಲೆ’ ಅಂದರು.

ಬದಿಯಡ್ಕ ಟೀಚರ್ ಬರೆದದ್ದು:

ಎಲ್ಲರಿಗೂ ಥ್ಯಾಂಕ್ಸ್. ಇಷ್ಟು ಉತ್ತರ ಬರುತ್ತದೆ ಅಂತ ಅಂದುಕೊಂಡಿರಲಿಲ್ಲ.

ಸಂಘದ ಅಣ್ಣನಿಗೆ: ನೀವು ಹೇಳಿದ್ದು ಸರಿಯೇ. ಡ್ಯೂಟಿ ಲೀವ್ ಕೊಡಬೇಕು, ನೀವು ಕೇಳಿ, ನಾನೂ ಸಹಿ ಹಾಕುತ್ತೇನೆ. ಆದರೆ ಆ ಆರ್ಡರ್ ಬರುವವರೆಗೆ ಇನ್ನೆಷ್ಟು ಬ್ಯಾಚ್ ಮಕ್ಕಳು ರಾಮುವಿನ ಲೆಕ್ಕ ಕಲಿತು ಹೋಗಬೇಕು? ಅರ್ಜಿಯ ಒಕ್ಕಣೆ ಮಾತ್ರ ನಿಮ್ಮದನ್ನೇ ಎತ್ತಿ ಬಳಸುತ್ತೇನೆ.

ಮಾಷ್ಟ್ರೇ, ನಿಮ್ಮ ಇಲಿಯ ಕಥೆ ಮನೆಯಲ್ಲಿ ಓದಿ ಹೇಳಿದೆ. ನಮ್ಮವರು ಎದ್ದು ಹೋಗಿ ಸ್ಕೂಟರಿನ ಸೀಟ್ ಎತ್ತಿ ನೋಡಿ ಬಂದರು.

ಲೆಕ್ಕದವರೇ, ಇನ್ನೊಂದು ಕೇಳುತ್ತೇನೆ. ನಮ್ಮ ಮಕ್ಕಳಲ್ಲಿ ಅಡಿಕೆ ತೋಟದ ಮನೆಯವರೇ ಜಾಸ್ತಿ. ನಿಮ್ಮಂಥ ಆಫೀಸಿಗಿಂತ ಅಡಿಕೆ ಖರೀದಿ ಮಾಡುವ ಸೊಸೈಟಿಯಲ್ಲೋ ಬೆಳೆಗಾರರ ಸಹಕಾರಿ ಕ್ಯಾಂಪ್ಕೊದ ಶಾಖೆಯಲ್ಲೋ ಕೂತರೆ ಒಳ್ಳೆಯದಾ? ಅವರ ಮನೆಯ ಮಾತೇ ಕ್ಲಾಸಿಗೆ ಬರುತ್ತದಲ್ಲ. ಮತ್ತೆ, ನೀವು ಹೇಳಿದ ಬಿಳಿಯಾದ ಬಿಲ್ಲುಗಳು, ಅಂಥವು ನಾಲ್ಕಾರು ನನಗೆ ಕ್ಲಾಸಿಗೆ ಬೇಕು. ಅದಕ್ಕೆ ದಾರಿ ಏನು?

ಕುಂಬಳೆ ಲೆಕ್ಕದವ ಬರೆದದ್ದು:

ಸೊಸೈಟಿಯಲ್ಲಿ ಸ್ಟಾಕ್ ಕಲಿಯಬಹುದು, ಅದು ನಮ್ಮಲ್ಲಿ ಸಿಗದ ವಿದ್ಯೆ. ಹೊಸ ಚಾಲಿ, ಹಳೆ ಚಾಲಿ, ಪಟೋರ, ಕರಿಗೋಟು ಅಂತ ಒಂದೇ ಅಡಿಕೆಗೆ ನಾಲ್ಕು ಧಾರಣೆ. ಇಟ್ಟಷ್ಟು ದಿನ ಹೊಸತು ಹಳತಾಗಿ ಧಾರಣೆ ಬದಲಾಗುತ್ತದೆ. ‘ಕೊಂಡ ಬೆಲೆ ಅಥವಾ ಮಾರುಕಟ್ಟೆ ಬೆಲೆ, ಯಾವುದು ಕಡಿಮೆಯೋ ಅದು’ ಅಂತ ನೀವು ಬೋರ್ಡಿನಲ್ಲಿ ಬರೆಯುತ್ತೀರಲ್ಲ, ಮಾರ್ಚ್ 31ಕ್ಕೆ ಗೋದಾಮಿನಲ್ಲಿ ನಿಂತು ಅದನ್ನು ಮಾಡಿ ನೋಡಬೇಕು. ಆದರೆ ಅಲ್ಲಿ ಕೆಲಸ ಹಂಚಿ ಹೋಗಿರುತ್ತದೆ. ತೂಕದವರು ತೂಕ, ಗ್ರೇಡ್ ನೋಡುವವರು ಗ್ರೇಡ್, ಕ್ಯಾಶಿನವರು ಕ್ಯಾಶು. ಎರಡು ವಾರದಲ್ಲಿ ನೀವು ಒಂದು ಮೂಲೆಯಲ್ಲೇ ಇರುತ್ತೀರಿ. ಮೊದಲ ಸಲಕ್ಕೆ ನಮ್ಮಂಥ ಕಡೆಯೇ ಸರಿ. ಅಡಿಕೆ ವ್ಯಾಪಾರಿಗಳ ಲೆಕ್ಕವೂ ನಮ್ಮಲ್ಲಿ ಇದೆ. ಅಕ್ಟೋಬರ್ ಆಮೇಲೆ ಒಂದು ಶನಿವಾರ ಮಕ್ಕಳನ್ನೇ ಕರೆದುಕೊಂಡು ಸೊಸೈಟಿಗೆ ಹೋಗಿ, ಕೇಳಿದರೆ ಬೇಡ ಅನ್ನಲಿಕ್ಕಿಲ್ಲ.

ದಿನ ಹೀಗೆ ಇಟ್ಟುಕೊಳ್ಳಿ. ಮೇ 4, 5ಕ್ಕೆ ಬಂದರೆ ಏಪ್ರಿಲ್ ತಿಂಗಳ ಬಿಲ್ ರಾಶಿ ಹಾಕುವುದರಿಂದ ಶುರು. 11ನೇ ತಾರೀಕಿಗೆ ಜಿಎಸ್‌ಟಿಆರ್ 1, ಮಾರಾಟದ್ದು. 14ಕ್ಕೆ ಪೋರ್ಟಲಿನಲ್ಲಿ 2ಬಿ ಬರುತ್ತದೆ, ನಮಗೆ ಮಾರಿದವರು ಏನು ತೋರಿಸಿದ್ದಾರೆ ಅನ್ನುವ ಪಟ್ಟಿ. ಅದನ್ನೂ ನಮ್ಮ ಬಿಲ್ಲನ್ನೂ ಇಟ್ಟುಕೊಂಡು ತಾಳೆ ನೋಡುವುದು, ಅದೇ ನಿಜವಾದ ಪಾಠ. ತಾಳೆ ಆಗದ್ದಕ್ಕೆ ಫೋನು, ಜಗಳ, ಸಮಾಧಾನ. 20ಕ್ಕೆ ತಿಂಗಳ ಒಟ್ಟು ರಿಟರ್ನ್ 3ಬಿ ಹಾಕಿ ದುಡ್ಡು ಕಟ್ಟಿದರೆ ಒಂದು ಸುತ್ತು ಮುಗಿಯಿತು. ಈ ಸುತ್ತನ್ನು ಪೂರ್ತಿ ನೋಡಬೇಕು. ನಡುವಿನಲ್ಲಿ ನಿಮ್ಮ ಟ್ರೈನಿಂಗ್ ಬಂದರೆ 6, 7ಕ್ಕೆ ಬೇಕಾದರೆ ತಪ್ಪಿಸಿಕೊಳ್ಳಿ, 14ರಿಂದ 20 ಮಾತ್ರ ಬಿಡಬೇಡಿ. ಕ್ವಾರ್ಟರ್ಲಿ ಫೈಲ್ ಮಾಡುವ ಸಣ್ಣವರದ್ದು ಮೇಯಲ್ಲಿ ಇರುವುದಿಲ್ಲ, ಅದು ಜುಲೈಗೆ.

ಬಿಲ್ಲಿನ ವಿಷಯ: ಗಿರಾಕಿಗಳದ್ದು ಒಂದೂ ಕೊಡುವುದಿಲ್ಲ. ಆದರೆ ನಮ್ಮ ಆಫೀಸಿನ ಸ್ವಂತ ಬಿಲ್ಲುಗಳಿವೆ, ಪೇಪರ್, ಟೋನರ್, ಕರೆಂಟು, ಇಂಟರ್‌ನೆಟ್, ಮಂಗಳೂರಿನಿಂದ ತಂದ ಒಂದು ಯುಪಿಎಸ್. ಅದರ ಜೆರಾಕ್ಸ್ ತೆಗೆದು, ನಂಬರ್ ಮೇಲೆ ಕಪ್ಪು ಹಾಕಿ, ಮೊದಲ ಎರಡು ಅಂಕಿ ಮಾತ್ರ ಬಿಟ್ಟು ಕೊಡುತ್ತೇನೆ. ಉಳಿದದ್ದನ್ನು ನಿಮ್ಮ ಮಕ್ಕಳ ಮನೆಯಿಂದಲೇ ತರಿಸಿ. ಪ್ರತಿಯೊಬ್ಬರ ಮನೆಯ ಫ್ರಿಜ್ಜಿನ ಮೇಲೆ ಒಂದು ಕಟ್ಟು ಇದ್ದೇ ಇರುತ್ತದೆ.

ಬರುವುದು ಖಂಡಿತ ಆದರೆ ಇಲ್ಲೇ ಮೆಸೇಜ್ ಹಾಕಿ. ಬೆಳಗ್ಗೆ ಒಂಬತ್ತೂವರೆಗೆ ತೆರೆಯುತ್ತೇವೆ. ನಮ್ಮಲ್ಲಿ ಒಂದು ಕುರ್ಚಿ ಕಡಿಮೆ ಇದೆ, ಅದನ್ನು ಪಕ್ಕದ ಟೈಲರಿನವರಿಂದ ತರಿಸಿಡುತ್ತೇನೆ. ಊಟ ನೀವು ತರಬೇಕು, ಹಪ್ಪಳ ಮಾಡಿದ್ದರೆ ಅದೂ ಇರಲಿ.